ಅಕ್ಟೋಬರ್ 1, ಹಿರಿಯರ ದಿನಕ್ಕೆ ಅಪಾರ್ಟ್‌ಮೆಂಟಿನ ಮಕ್ಕಳನ್ನು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅರ್ಧ ದಿನದಲ್ಲಿ ಏನೇನು ಮಾಡಿಸಬಹುದು?

40 ಮಕ್ಕಳು, ಒಂದು ಬಸ್ಸು, ಎರಡು ಡ್ಯಾನ್ಸು, ಒಂದು ಭಾವಗೀತೆ, ಕೊನೆಗೆ ಹಣ್ಣು ಹಂಚೋದು. ನೀವು ಬರೆದಿರುವ ಪಟ್ಟಿ ಓದುತ್ತಿದ್ದ ಹಾಗೇ ನಮ್ಮ ಹಳೇ ಪಟ್ಟಿ ನೆನಪಾಯಿತು. ಮೈಸೂರಿನಲ್ಲಿ ನಮ್ಮ ಬಡಾವಣೆಯ ಮಹಿಳಾ ಸಂಘದಿಂದ ನಾವೂ ಹೀಗೇ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. ಹಿರಿಯರನ್ನು ಸಾಲಾಗಿ ಕುರ್ಚಿ ಹಾಕಿ ಕೂರಿಸಿದ್ದರು. ಮಕ್ಕಳು ಕುಣಿದರು. ಚಪ್ಪಾಳೆ ಆಯಿತು, ಫೋಟೊ ಆಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ಯಾರಾದರೂ ಒಬ್ಬ ಅಜ್ಜಿಯ ಹೆಸರು ಹೇಳಿ ನೋಡೋಣ ಅಂತ. ಒಂದು ಮಗುವಿಗೂ ಗೊತ್ತಿರಲಿಲ್ಲ. ಮಕ್ಕಳ ತಪ್ಪೇನಿಲ್ಲ. ಗೊತ್ತು ಮಾಡಿಕೊಳ್ಳೋಕೆ ನಾವು ಸಮಯವನ್ನೇ ಕೊಟ್ಟಿರಲಿಲ್ಲ.

ಅದಾದ ಮೇಲೆ ಸಂಘದ ಹಾಲ್‌ನಲ್ಲೇ ಶನಿವಾರ ಸಂಜೆ ಶುರು ಮಾಡಿದೆವು. ಹೊರಗಿನವರು ಬೇಡ, ನಮ್ಮ ಬೀದಿಗಳ ಅಜ್ಜಿ ತಾತಂದಿರು, ನಮ್ಮ ಬೀದಿಗಳ ಮಕ್ಕಳು. ಊರು ಬಿಟ್ಟು ಮಗನ ಮನೆಗೆ ಬಂದು, ಗೇಟಿನ ಒಳಗಿನಿಂದ ರಸ್ತೆ ನೋಡುತ್ತಾ ಕೂರುವ ಅಜ್ಜಿಯರು ನಮ್ಮಲ್ಲಿ ತುಂಬಾ ಜನ ಇದ್ದರು. ಆಟಕ್ಕೆ ಚೌಕಾಬಾರ, ಅಳಿಗುಳಿ ಮಣೆ ಇಟ್ಟೆವು. ಮೈಸೂರಿನಲ್ಲಿ ಇದು ಹೊಸ ಯೋಚನೆಯೇನಲ್ಲ. ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಹಳೇ ಮಣೆಯಾಟಗಳನ್ನು ಮತ್ತೆ ಮಾಡಿಸಿ, 'ಕ್ರೀಡಾ ಕೌಶಲ್ಯ' ಅಂತ ಪ್ರದರ್ಶನವನ್ನೇ ನಡೆಸುತ್ತಾ ಬಂದಿದ್ದಾರೆ. ನಮಗೆ ಅಲ್ಲಿಂದಲೇ ಹೊಳೆದದ್ದು.

ಒಬ್ಬ ಅಜ್ಜಿ ಬರುತ್ತಿದ್ದರು. ಹಾಸನದ ಕಡೆಯವರು, ಮಾತು ಕಡಿಮೆ. ಅವರ ಜೊತೆ ನಾಲ್ಕನೇ ಕ್ಲಾಸಿನ ಒಂದು ಹುಡುಗಿಯನ್ನು ಕೂರಿಸಿದೆವು. ಅವತ್ತು ಕವಡೆ ಸಾಲಲಿಲ್ಲ. ಅಜ್ಜಿ ಅಡುಗೆಮನೆಗೆ ಹೋಗಿ ಹುಣಸೆ ಬೀಜ ಕೇಳಿ ತಂದರು. ಹುಡುಗಿಯನ್ನು ಹೊರಗಿನ ಕಲ್ಲಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು. ಸ್ವಲ್ಪ ನೀರು ಚಿಮುಕಿಸಿ, ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ತೋರಿಸಿದರು. ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವವರೆಗೂ ಉಜ್ಜಬೇಕು. ಹುಡುಗಿ ಬೆರಳು ನೋಯುತ್ತೆ ಅಂದಳು. ಅಜ್ಜಿ ಅವಳ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಉಜ್ಜಿಸಿದರು. ನಾಲ್ಕು ಬೀಜ ತಯಾರಾಗುವ ಹೊತ್ತಿಗೆ ಆಟದ ಟೈಮೇ ಮುಗಿದಿತ್ತು. ನಾಲ್ಕೂ ಬಿಳಿ ಮೇಲೆ ಬಿದ್ದರೆ ಚೌಕ, ನಾಲ್ಕೂ ಕಂದು ಮೇಲೆ ಬಿದ್ದರೆ ಬಾರ ಅಂತ ಹೇಳಿಕೊಟ್ಟು, ಮುಂದಿನ ವಾರ ಆಡೋಣ ಅಂದರು. ಬೀಜಗಳನ್ನು ಕರ್ಚೀಫಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮುಂದಿನ ವಾರ ಆ ಹುಡುಗಿಯನ್ನು ನಾನು ಬೇರೆ ಟೇಬಲ್‌ಗೆ ಹಾಕಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಖಂಡಿತ ಇದನ್ನೇ ಮಾಡುತ್ತೀರಿ. ನಾನೊಂದು ಪಟ್ಟಿ ಮಾಡಿದ್ದೆ. ಪ್ರತಿ ಶನಿವಾರ ಜೋಡಿಗಳು ಬದಲಾಗಬೇಕು. ಎಲ್ಲ ಮಕ್ಕಳಿಗೂ ಎಲ್ಲ ಹಿರಿಯರ ಪರಿಚಯ ಆಗಬೇಕು, ಯಾರಿಗೂ ಭೇದ ಮಾಡಿದ ಹಾಗೆ ಆಗಬಾರದು. ಒಬ್ಬ ತಾತ ತುಂಬಾ ತಮಾಷೆಯಾಗಿ ಮಾತಾಡುತ್ತಿದ್ದರು, ಅವರ ಹತ್ತಿರವೇ ಕೂರಬೇಕು ಅಂತ ಮಕ್ಕಳು ಜಗಳ ಆಡುತ್ತಿದ್ದವು. ಇನ್ನೊಬ್ಬರಿಗೆ ಕಿವಿ ಮಂದ, ಅವರ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಸರದಿ ಹಾಕಿದರೆ ನ್ಯಾಯ ಅಲ್ವಾ ಅಂದುಕೊಂಡೆ. ಶುಕ್ರವಾರ ರಾತ್ರಿ ವಾಟ್ಸಾಪ್ ಗ್ರೂಪಿಗೆ ಪಟ್ಟಿ ಹಾಕುತ್ತಿದ್ದೆ. ಅಮ್ಮಂದಿರೆಲ್ಲ ಮೆಚ್ಚಿಕೊಂಡರು.

ಮಕ್ಕಳ ಕಡೆಯಿಂದ ಏನಾಯಿತು ನೋಡಿ. ಪ್ರತಿ ವಾರ ಅದೇ ಮಾತು. ನಿನ್ನ ಹೆಸರೇನು, ಎಷ್ಟನೇ ಕ್ಲಾಸು, ಯಾವ ಸ್ಕೂಲು, ಅಪ್ಪ ಏನು ಕೆಲಸ. ಹತ್ತು ನಿಮಿಷ ಅದರಲ್ಲೇ ಹೋಗುತ್ತಿತ್ತು. ಹಿರಿಯರ ಕಡೆಯಿಂದ ಅದಕ್ಕಿಂತ ಕಷ್ಟ. ಯಾರಿಗೇ ಆಗಲಿ ಹೊಸಬರಿಗೆ ಹೇಳುವ ಕಥೆ ಒಂದಿರುತ್ತೆ. ಅದನ್ನೇ ಪ್ರತಿ ವಾರ ಹೇಳಬೇಕು. ಎರಡನೇ ಕಥೆ ಬರೋದು ಎರಡನೇ ಸಲ ಸಿಕ್ಕವರಿಗೆ. ನಮ್ಮ ಹಾಲ್‌ನಲ್ಲಿ ಎರಡನೇ ಸಲ ಯಾರಿಗೂ ಯಾರೂ ಸಿಗುತ್ತಲೇ ಇರಲಿಲ್ಲ. ಒಂದು ಸುತ್ತು ಮುಗಿದು ಮತ್ತೆ ಸಿಗುವಷ್ಟರಲ್ಲಿ ಆ ಮಗು ಹೆಸರು ಮರೆತಿರುತ್ತಿತ್ತು, ತಾತನೂ ಮರೆತಿರುತ್ತಿದ್ದರು. ಆಟವಂತೂ ಅರ್ಧಕ್ಕೇ ನಿಲ್ಲುತ್ತಿತ್ತು. ಚೌಕಾಬಾರ ಆಡಿದವರಿಗೆ ಗೊತ್ತು, ಎದುರಾಳಿಯ ಒಂದು ಕಾಯಿ ಕಡಿಯದೆ ಒಳಗಿನ ಮನೆಗಳಿಗೆ ಹೋಗುವ ಹಾಗಿಲ್ಲ. ಕಡಿಸಿಕೊಂಡವರು ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ. ಆ ಸೇಡು ಮುಂದಿನ ವಾರಕ್ಕೂ ಹೋಗಬೇಕು, ಅದೇ ಅದರ ರುಚಿ. ಸರದಿ ಪಟ್ಟಿ ಆ ಬಾಕಿಯನ್ನೆಲ್ಲ ಪ್ರತಿ ವಾರ ಅಳಿಸಿ ಹಾಕುತ್ತಿತ್ತು.

ಇದು ನನಗೆ ಕಾಣಲಿಲ್ಲ, ಯಾಕಂದ್ರೆ ಹಾಲ್ ತುಂಬಿರುತ್ತಿತ್ತು. ತಲೆ ಎಣಿಸಿದರೆ ಎಲ್ಲ ಸರಿಯಾಗಿಯೇ ಇತ್ತು.

ಆ ಹಾಸನದ ಅಜ್ಜಿ ಕರ್ಚೀಫು ಬಿಚ್ಚಿ ಬೀಜ ಮಣೆಯ ಮೇಲಿಟ್ಟು ಕಾದರು. ಎದುರು ಬಂದು ಕೂತದ್ದು ಬೇರೆ ಹುಡುಗ. ಒಂದು ಮಾತೂ ಆಡದೆ ಅವನ ಜೊತೆ ಆಡಿದರು. ಅದರ ಮುಂದಿನ ವಾರ ಬರಲಿಲ್ಲ. ಕರೆಯೋಕೆ ಮನೆಗೆ ಹೋದೆ. ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ವಾರ ವಾರ ಹೊಸದಾಗಿ ನನ್ನ ಪರಿಚಯ ಹೇಳ್ಕೊಳ್ಳೋಕೆ ನನ್ನಿಂದಾಗಲ್ಲಮ್ಮ." ಅವರ ಹಿಂದೆಯೇ ಅವರ ಬೀದಿಯ ಇನ್ನಿಬ್ಬರು ಬಿಟ್ಟರು. ಹಿರಿಯರು ಕಡಿಮೆಯಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಟ್ಯೂಷನ್ ಕಡೆ ಹೋದರು. ಹಾಲ್ ಬೇರೆಯವರ ಕ್ಲಾಸಿಗೆ ಹೋಯಿತು. ಮತ್ತೆ ಆ ಶನಿವಾರ ಸಂಜೆ ನಮ್ಮ ಕೈಗೆ ಸಿಗೋಕೆ ಒಂದು ವರ್ಷದ ಮೇಲಾಯಿತು. ಆ ಅಜ್ಜಿ ಅಷ್ಟರಲ್ಲಿ ಊರಿಗೆ ವಾಪಸ್ ಹೋಗಿದ್ದರು.

ಎರಡನೇ ಸಲ ಒಂದೇ ನಿಯಮ ಮಾಡಿದೆವು. ಒಬ್ಬ ಹಿರಿಯರಿಗೆ ಇಬ್ಬರು ಮಕ್ಕಳು, ಶಾಲಾ ವರ್ಷ ಮುಗಿಯುವವರೆಗೂ ಅವರೇ. ಒಂದು ಮಗುವಿಗೆ ಜ್ವರ ಬಂದರೂ ಇನ್ನೊಂದು ಇರುತ್ತೆ. ಆಟ ಅರ್ಧಕ್ಕೆ ನಿಂತರೆ ಕಾಯಿ ಎಲ್ಲೆಲ್ಲಿವೆ ಅಂತ ಮಕ್ಕಳೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ, ಮುಂದಿನ ವಾರ ಅಲ್ಲಿಂದಲೇ ಶುರು. ಕಿವಿ ಮಂದ ಇರುವ ತಾತನಿಗೆ ಸಿಕ್ಕ ಇಬ್ಬರು ಹುಡುಗರು ಮೊದಲು ಮುಖ ಸಣ್ಣ ಮಾಡಿಕೊಂಡಿದ್ದರು. ಈಗ ಅವರ ಬಲಗಡೆಯೇ ಕೂತು, ಮುಖ ನೋಡಿ ನಿಧಾನವಾಗಿ ಮಾತಾಡುತ್ತಾರೆ. ನಾವ್ಯಾರೂ ಹೇಳಿಕೊಟ್ಟಿದ್ದಲ್ಲ.

ಬೇರೆ ಕಡೆ ಚೆನ್ನಾಗಿ ನಡೆದ ಕಾರ್ಯಕ್ರಮಗಳ ಬಗ್ಗೆ ಆಮೇಲೆ ಓದಿದೆ. ಎಲ್ಲದರಲ್ಲೂ ಇದೇ ಇದೆ. ಅಮೆರಿಕದ ಎಕ್ಸ್‌ಪೀರಿಯನ್ಸ್ ಕೋರ್ ಅನ್ನುವ ಕಾರ್ಯಕ್ರಮವನ್ನೇ ನೋಡಿ. ಬಾಲ್ಟಿಮೋರ್‌ನಲ್ಲಿ ಅದರಡಿ 60 ದಾಟಿದವರು ಸರ್ಕಾರಿ ಶಾಲೆಗೆ ಹೋಗಿ ಸಣ್ಣ ಮಕ್ಕಳಿಗೆ ಓದು ಕಲಿಸೋಕೆ ನೆರವಾಗುತ್ತಿದ್ದರು. ವಾರಕ್ಕೆ 15 ಗಂಟೆ, ಇಡೀ ಶಾಲಾ ವರ್ಷ. ಸಿಯಾಟಲ್‌ನ ಪ್ರಾವಿಡೆನ್ಸ್ ಮೌಂಟ್ ಸೇಂಟ್ ವಿನ್ಸೆಂಟ್ ಅನ್ನುವ ವೃದ್ಧರ ಮನೆಯೊಳಗೇ 1991ರಿಂದ ಶಿಶುವಿಹಾರ ಇದೆ. ಅಲ್ಲಿಗೆ ಮಕ್ಕಳು ಬಸ್ಸಿನಲ್ಲಿ ಬಂದು ಹೋಗೋದಿಲ್ಲ, ದಿನಾ ಅಲ್ಲೇ ಇರುತ್ತಾರೆ. ನೆದರ್ಲೆಂಡ್ಸ್‌ನ ಡೆವೆಂಟರ್‌ನಲ್ಲಿ ಹ್ಯುಮಾನಿಟಾಸ್ ಅನ್ನುವ ಹಿರಿಯರ ಮನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆ ಇಲ್ಲದೆ ರೂಮು ಕೊಡುತ್ತಾರೆ. ಬದಲಿಗೆ ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಾಗಿ ಇರಬೇಕು. ಅಷ್ಟೆಲ್ಲ ನಮ್ಮಿಂದ ಆಗಲ್ಲ, ನಿಜ. ಆದರೆ ಅರ್ಧ ದಿನದ ಲೆಕ್ಕದಲ್ಲಿ ಇವರ್ಯಾರೂ ಯೋಚನೆ ಮಾಡಿಲ್ಲ ಅನ್ನೋದನ್ನು ಗಮನಿಸಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಅರ್ಧ ದಿನದಲ್ಲಿ ಏನೂ ಮಾಡಿಸಬೇಡಿ. ಬಸ್ಸು ಕ್ಯಾನ್ಸಲ್ ಮಾಡಿ. ಮಕ್ಕಳಿಗೆ ಸಂಸ್ಕಾರ ಬರಲಿ ಅಂತ ಬರೆದಿದ್ದೀರಿ. ಅದನ್ನೂ ಬಿಟ್ಟುಬಿಡಿ. ಇನ್ನೊಬ್ಬರ ಮುಪ್ಪು ನಮ್ಮ ಮಕ್ಕಳ ಪಾಠಕ್ಕೆ ಇರುವ ವಸ್ತುವಲ್ಲ. ಅಲ್ಲಿರುವವರಿಗೆ ನೀವು ಯಾಕೆ ಬಂದಿದ್ದೀರಿ ಅಂತ ಚೆನ್ನಾಗಿ ಗೊತ್ತಾಗುತ್ತೆ. ಅಕ್ಟೋಬರ್ 1 ಬಂತು ಅಂದರೆ ಒಂದರ ಹಿಂದೆ ಒಂದು ತಂಡ ಹಣ್ಣಿನ ಬುಟ್ಟಿ ಹಿಡಿದು ಬರುತ್ತೆ, 2ನೇ ತಾರೀಖು ಒಬ್ಬರೂ ಇರೋದಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಹಿರಿಯರಿದ್ದಾರೆ. ಬೆಳಿಗ್ಗೆ ಲಿಫ್ಟಿನ ಹತ್ತಿರ ಮೊಮ್ಮಗನ ಬ್ಯಾಗು ಹಿಡಿದು ನಿಂತಿರುವವರೇ ಅವರು. ಹಳ್ಳಿಯಲ್ಲಿ ಇದನ್ನು ಓದುವವರಿಗೂ ಒಂದು ಮಾತು. ನಮ್ಮ ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅಂತ ಕರೆಯುತ್ತಾರೆ. 2020ರಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳೂ ಅಲ್ಲಿಗೆ ಬರತೊಡಗಿದರು. ನಾನು ನೋಡಿದ ಕಡೆಯೆಲ್ಲ ತಾತಂದಿರು ಬೆಳಿಗ್ಗೆ ಪೇಪರ್ ಓದೋಕೆ ಬರುತ್ತಾರೆ, ಮಕ್ಕಳು ಸಂಜೆ ಬರುತ್ತಾರೆ. ಜಾಗ ಒಂದೇ, ಒಬ್ಬರನ್ನೊಬ್ಬರು ನೋಡೋದೇ ಇಲ್ಲ. ಹೊತ್ತು ಹೊಂದಿಸಿದರೆ ಅರ್ಧ ಕೆಲಸ ಮುಗಿಯಿತು.

ಕಲಿಸೋದು ಹಿರಿಯರೇ ಆಗಬೇಕು ಅಂತಲೂ ಇಲ್ಲ. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಹಳ್ಳಿಯಲ್ಲಿ 2016ರ ಮಹಿಳಾ ದಿನದಂದು ಅಜ್ಜಿಯರ ಶಾಲೆ ಶುರುವಾಯಿತು. ಗುಲಾಬಿ ಬಣ್ಣದ ಸೀರೆಯೇ ಅವರ ಯೂನಿಫಾರಂ. ಮನೆಯಲ್ಲಿ ಅವರಿಗೆ ಹೋಂವರ್ಕ್ ಮಾಡಿಸೋದು ಮೊಮ್ಮಕ್ಕಳು. ನಮ್ಮಲ್ಲೂ ಹುಡುಗರು ಹಿರಿಯರಿಗೆ ವಿಡಿಯೊ ಕಾಲ್ ಮಾಡೋದು ಹೇಳಿಕೊಡುತ್ತಾರೆ. ಒಂದೇ ಷರತ್ತು, ಫೋನು ಹಿರಿಯರ ಕೈಯಲ್ಲೇ ಇರಬೇಕು, ಮಗು ಕಿತ್ತುಕೊಂಡು ತಾನೇ ಒತ್ತಬಾರದು.

ಹೊತ್ತು ಸಂಜೆ ನಾಲ್ಕೂವರೆ ಇಟ್ಟುಕೊಳ್ಳಿ, ಮಧ್ಯಾಹ್ನದ ನಿದ್ದೆ, ಕಾಫಿ ಎರಡೂ ಆಗಿರುತ್ತೆ. ಒಂದು ಗಂಟೆ ಸಾಕು. ಮೈಕು, ಹಿನ್ನೆಲೆ ಸಂಗೀತ ಏನೂ ಬೇಡ, ಕಿವಿ ಸೂಕ್ಷ್ಮ ಇಲ್ಲದವರಿಗೆ ಎಲ್ಲ ಕಲಸಿಹೋಗುತ್ತೆ. ನೆಲದ ಮೇಲೆ ಕೂರಿಸಬೇಡಿ. ಕೆಮ್ಮು ನೆಗಡಿ ಇರುವ ಮಗುವನ್ನು ಅವತ್ತು ಕಳಿಸಬೇಡಿ, ಹಿರಿಯರಿಗೆ ಅದು ಎದೆಗೆ ಇಳಿಯುತ್ತೆ. ಎಲ್ಲರೂ ಒಂದೇ ಹಾಲ್‌ನಲ್ಲಿ, ಬಾಗಿಲು ತೆಗೆದು, ಇಬ್ಬರು ತಾಯಂದಿರಾದರೂ ಅಲ್ಲೇ ಇರಲಿ. ಇದನ್ನು ಹೇಳೋಕೆ ಸಂಕೋಚ ಬೇಡ, ಮಕ್ಕಳ ವಿಷಯದಲ್ಲಿ ಇದು ಬೇಕೇ ಬೇಕು.

ವೃದ್ಧಾಶ್ರಮಕ್ಕೇ ಹೋಗಬೇಕು ಅಂತ ಮನಸ್ಸಿದ್ದರೆ ಆರೇ ಮಕ್ಕಳು ಹೋಗಲಿ, ಆದರೆ ಅದೇ ಆರು ಮಕ್ಕಳು ತಿಂಗಳಿಗೆ ಎರಡು ಸಲ, ವರ್ಷಪೂರ್ತಿ. ಅಷ್ಟು ಆಗಲ್ಲ ಅಂದರೆ ಶುರುವೇ ಮಾಡಬೇಡಿ. ಕಾಯುವ ಹಾಗೆ ಮಾಡಿ ಹೋಗದೇ ಇರೋದು ತುಂಬಾ ಕೆಟ್ಟದ್ದು. ಮತ್ತೆ, ಒಂದು ದಿನ ಯಾರಾದರೂ ತೀರಿಕೊಳ್ಳುತ್ತಾರೆ. ಊರಿಗೆ ಹೋದರು ಅಂತ ಸುಳ್ಳು ಹೇಳಬೇಡಿ. ನಮ್ಮಲ್ಲಿ ಹಾಗಾದಾಗ ಮಕ್ಕಳಿಗೆ ನೇರವಾಗಿಯೇ ಹೇಳಿದೆವು. ಅತ್ತರು. ಆಮೇಲೆ ಆ ತಾತ ಆಟದಲ್ಲಿ ಹೇಗೆ ಮೋಸ ಮಾಡುತ್ತಿದ್ದರು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು.

ಅಕ್ಟೋಬರ್ 1ಕ್ಕೆ ಏನಾದರೂ ಮಾಡಲೇಬೇಕು ಅಂತ ಕಮಿಟಿಯವರು ಪಟ್ಟು ಹಿಡಿದರೆ, ಅವತ್ತು ಮೊದಲ ಜೋಡಿಗಳನ್ನು ಕೂರಿಸಿ, ಸಾಕು. ಬಸ್ಸಿಗೆ ಎತ್ತಿಟ್ಟ ದುಡ್ಡಿನಲ್ಲಿ ಕೈಗಳಿರುವ ಕುರ್ಚಿ ತಗೊಳ್ಳಿ, ಮಂಡಿನೋವಿನವರು ಕೈ ಊರಿ ಏಳಬೇಕಾಗುತ್ತೆ. ಕವಡೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತೆ. ದೊಡ್ಡದನ್ನೇ ಕೇಳಿ ತಗೊಳ್ಳಿ. ಚಿಕ್ಕದಾದರೆ ಅಂಗಾತ ಬಿತ್ತೋ ಬೋರಲು ಬಿತ್ತೋ ಅಂತ ವಯಸ್ಸಾದವರ ಕಣ್ಣಿಗೆ ಕಾಣೋದಿಲ್ಲ.