ಎರಡಕ್ಷರ ಜಾಸ್ತಿ ಆಯ್ತು, ಹೈಕು ಅಲ್ವಂತೆ!

ಪ್ರಶ್ನೆ: ಸಾರ್, ನಮ್ದು ಶಿಡ್ಲಘಟ್ಟದ ಕಡೆ ಹಳ್ಳಿ, ರೇಷ್ಮೆ ಹುಳ ಸಾಕ್ತೀವಿ, ಬಿಡುವಾದಾಗ ಹೈಕು (ಜಪಾನಿನ ಮೂರು ಸಾಲಿನ ಪುಟ್ಟ ಪದ್ಯ) ಬರೀತೀನಿ. ಕವಿಗಳ ಒಂದು ವಾಟ್ಸಾಪ್ ಗುಂಪಲ್ಲಿ ಇದನ್ನ ಹಾಕಿದ್ದೆ:

ಹುಳದ ಮನೆ
ನಡುರಾತ್ರಿ ಮಳೆ ಸದ್ದು
ಬಾಳೂ ಒಂದು ಗೂಡು

ಸಾಲುಗಳಲ್ಲಿ ಅಕ್ಷರ ಐದು-ಏಳು-ಐದು ಇರ್ಬೇಕಿತ್ತು, ಐದು-ಎಂಟು-ಆರು ಆಗಿದೆ, ಇದು ಹೈಕು ಅಲ್ಲ ಅಂತ ಅಡ್ಮಿನ್ ಡಿಲೀಟ್ ಮಾಡಿಬಿಟ್ರು. ಹದಿನೇಳೇ ಅಕ್ಷರ ಇರ್ಲೇಬೇಕಾ?
- ಒಬ್ಬ ಓದುಗ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಬೇಜಾರು ಮಾಡ್ಕೋಬೇಡಿ. ಜಪಾನಿನವರು 5-7-5 ಅಂತ ಎಣಿಸೋದು ನಮ್ಮ ಅಕ್ಷರಾನ ಅಲ್ಲ, ‘ಓನ್’ ಅಂತ ಸದ್ದಿನ ತುಣುಕನ್ನ, ದೀರ್ಘ ಬಂದ್ರೆ ಅವರಲ್ಲಿ ಎರಡು, ಅಂದ್ರೆ ಹೈಸ್ಕೂಲಲ್ಲಿ ಮೇಷ್ಟ್ರು ಹಾಕಿಸ್ತಿದ್ರಲ್ಲ ಲಘು-ಗುರು, ಆ ಮಾತ್ರೆ ಲೆಕ್ಕಕ್ಕೇ ಅದು ಹತ್ರ. ಟೋಕಿಯೋ ಅವರ ಬಾಯಲ್ಲಿ ತೋ-ಓ-ಕ್ಯೋ-ಓ, ನಾಲ್ಕು. ಹಂಗೆ ನೋಡಿದ್ರೆ ‘ಕೋಲಾರ’ ಅಂದ್ರೇನೇ ಐದು ಮಾತ್ರೆ, ಮೊದಲ್ನೇ ಸಾಲು ಮುಗೀತು! ‘ಚಿಕ್ಕಬಳ್ಳಾಪುರ’ ಒಂಬತ್ತಾಗುತ್ತೆ, ಯಾವ ಸಾಲಿಗೂ ಹಿಡಿಸಲ್ಲ, ನಿಮ್ಮ ಹಣೆಬರಹ. ಈಗ ಇಂಗ್ಲಿಷಲ್ಲಿ ಹೈಕು ಬರೆಯೋ ಬಹಳಷ್ಟು ಜನ ಹದಿನೇಳಕ್ಕಿಂತ ಕಮ್ಮೀಲೇ ಮುಗಿಸ್ತಾರೆ, ಜಪಾನಲ್ಲೇ ಸಾಂತೋಕಾ ಅನ್ನೋ ಕವಿ (1882–1940) ಈ ಎಣಿಕೇನ ಪಕ್ಕಕ್ಕಿಟ್ಟು ಬರೆದ.

ಆದ್ರೆ ನಿಮ್ಮ ಅಡ್ಮಿನ್ ಹಿಡೀಬೇಕಿದ್ದ ತಪ್ಪೇ ಬೇರೆ, ಆ ಮೂರನೇ ಸಾಲು. ಸರ್ವಜ್ಞನ ತ್ರಿಪದೀನೂ ಮೂರೇ ಸಾಲು, ಅದನ್ನ ಕೇಳ್ಕೊಂಡು ಬೆಳೆದ ನಮಗೆ ಕೊನೇಲಿ ಒಂದು ಬುದ್ಧಿಮಾತು ಹೇಳದಿದ್ರೆ ನಾಲಿಗೆ ತುರಿಸುತ್ತೆ, ಹನಿಗವನದ ಅಭ್ಯಾಸ ಇರೋರಿಗಂತೂ ಒಂದು ಪಂಚ್ ಬೇಕೇ ಬೇಕು (ನಾನೂ ಇದೇ ಚಟಕ್ಕೆ ಬಿದ್ದು ಒಂದು ನೋಟ್‌ಬುಕ್ ಹಾಳು ಮಾಡಿದೀನಿ). ಹೈಕುಗೆ ಎರಡೂ ಒಗ್ಗಲ್ಲ. ಬಾಳು ಗೂಡೋ ಗುಡಾರಾನೋ ಓದೋನು ನೋಡ್ಕೋತಾನೆ, ನೀವು ಕಂಡಿದ್ದು ಕೇಳಿದ್ದು ಇಟ್ಟು ಸುಮ್ನಾಗಿ.

ಅಲ್ಲಿ ‘ಕಿಗೋ’ ಅಂತ ಋತು ತೋರಿಸೋ ಪದ ಇರುತ್ತೆ, ಅವರ ಪಟ್ಟೀಲಿ ರೇಷ್ಮೆ ಹುಳ ವಸಂತಕ್ಕೆ ಸೇರಿದ್ದು. ನಿಮ್ಮಲ್ಲಿ ವರ್ಷಕ್ಕೆ ಎಷ್ಟೋ ಬೆಳೆ, ವಸಂತ ಎಲ್ಲಿಂದ ತರ್ತೀರಿ? ನಿಮಗೆ ಕಾಲ ಅಂದ್ರೆ ಜ್ವರದ ಲೆಕ್ಕ, ಅಂದ್ರೆ ಹುಳ ಪೊರೆ ಬಿಡೋ ಲೆಕ್ಕ. ನಾಲ್ಕನೇ ಜ್ವರ ಬಿಟ್ಟ ಮೇಲೆ ಹಾಕಿದ ಸೊಪ್ಪೆಲ್ಲ ನೋಡ್ತಾ ನೋಡ್ತಾ ಬರೀ ಕಡ್ಡಿ ಆಗುತ್ತಲ್ಲ, ಹುಳ ಮೇಯೋ ಆ ಚರಚರ ಸದ್ದನ್ನ ಮಳೆ ಅಂದ್ಕೊಂಡು ನಿದ್ದೆಗಣ್ಣಲ್ಲಿ ಎದ್ದು ಒಣಗಾಕಿದ ಬಟ್ಟೆ ತರಕ್ಕೆ ಓಡಿರ್ತೀರಿ. ಅದನ್ನೇ ಬರೀರಿ:

ಜ್ವರ ಬಿಟ್ಟ ಹುಳ
ನಡುರಾತ್ರಿ ಮಳೆ ಸದ್ದು
ಅಂಗಳ ನೆನೆದಿಲ್ಲ

ಆರು-ಎಂಟು-ಏಳು ಆಯ್ತು, ಆ ಗುಂಪಿಗೆ ಮಾತ್ರ ಹಾಕಕ್ಕೋಗ್ಬೇಡಿ.