ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ: ಬಿಸಿ ಚಕ್ರವನ್ನು ಹಿನ್ನೀರಿಗೆ ಇಳಿಸಬೇಡಿ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನಲ್ಲಿ ಹಿನ್ನೀರಿನ ಕಡೆಯ ಊರು. ನಾಲ್ಕು ಜನ ಸೇರಿ ಒಂದು ಸಣ್ಣ ಫೈಬರ್ ಬೋಟ್ ಇಟ್ಟುಕೊಂಡಿದ್ದೇವೆ. ಜೀಪಿಗೆ ಟ್ರೇಲರ್ ಕಟ್ಟಿ ಶರಾವತಿ ಹಿನ್ನೀರಿಗೆ ಒಯ್ಯುತ್ತೇವೆ. ಎರಡು ವರ್ಷದಲ್ಲಿ ಮೂರು ಸಲ ಚಕ್ರದ ಬೇರಿಂಗ್ ಹೋಯಿತು. ತಿಂಗಳಿಗೊಮ್ಮೆ ಗ್ರೀಸ್ ಹೊಡೆಸುತ್ತೇವೆ. ಆದರೂ ಯಾಕೆ ಹೀಗೆ? ಅಡಿಕೆ ಸಾಗಿಸುವ ನಮ್ಮ ಟ್ರ್ಯಾಕ್ಟರ್ ಟ್ರೇಲರ್‌ಗೆ ಎಷ್ಟೋ ವರ್ಷದಿಂದ ಏನೂ ಆಗಿಲ್ಲ.

ಉತ್ತರ: ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಅಡಿಕೆ ಟ್ರೇಲರ್ ಮಳೆಯಲ್ಲಿ ನೆನೆಯುತ್ತದೆ, ಆದರೆ ನೀರಲ್ಲಿ ಮುಳುಗುವುದಿಲ್ಲ. ಬೋಟಿನ ಟ್ರೇಲರ್ ಪ್ರತಿ ಸಲವೂ ಮುಳುಗುತ್ತದೆ. ಅದೂ ಬಿಸಿಯಾಗಿರುವಾಗಲೇ.

ಒಳಗೆ ಏನಾಗುತ್ತದೆ ಅಂದರೆ, ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಹಬ್, ಅಂದರೆ ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ, ಕಾದಿರುತ್ತದೆ. ಒಳಗಿನ ಗಾಳಿಯೂ ಕಾದು ಹಿಗ್ಗಿರುತ್ತದೆ. ನೀವು ದಡಕ್ಕೆ ಬಂದವರೇ ಜೀಪು ಹಿಂದಕ್ಕೆ ತಗೊಂಡು ಸೀದಾ ನೀರಿಗೆ ಇಳಿಸುತ್ತೀರಿ, ಅಲ್ವಾ? ಹಬ್ ಒಮ್ಮೆಲೇ ತಣ್ಣಗಾಗುತ್ತದೆ, ಗಾಳಿ ಕುಗ್ಗುತ್ತದೆ, ಹಿಂದಿನ ಆಯಿಲ್ ಸೀಲಿನ (ಗ್ರೀಸ್ ಹೊರಗೆ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ತುಟಿಯ ಬಳೆ) ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ನೀರು ವಾಪಸ್ ಹೊರಗೆ ಬರುವುದಿಲ್ಲ. ಬೋಟ್ ಶೆಡ್ಡಿನಲ್ಲಿ ನಿಂತಿರುವ ಅಷ್ಟೂ ದಿನ ಅಲ್ಲೇ ಕೂತು ತುಕ್ಕು ಹಿಡಿಸುತ್ತದೆ.

ನನ್ನ ಹತ್ತಿರ ಬರುವ ಬೋಟ್ ಟ್ರೇಲರ್‌ಗಳಲ್ಲಿ ಮುಚ್ಚಳ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ಒಳ್ಳೆಯ ಗ್ರೀಸ್ ಹಾಕಿದ ಬಣ್ಣದಲ್ಲೇ ಇರುತ್ತದೆ. ನೀರು ಸೇರಿದ್ದು ಹಾಲು ಜಾಸ್ತಿಯಾದ ಕಾಫಿಯ ಹಾಗೆ ತಿರುಗಿರುತ್ತದೆ. ಬೇರಿಂಗ್ ತೆಗೆದು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ಒಂದೊಂದೇ ರೋಲರ್ ತಿರುಗಿಸಿ ನೋಡಿ. ಎಳ್ಳು ಕಾಳಿನಷ್ಟು ಕಪ್ಪು ಚುಕ್ಕಿ ಕಂಡರೆ, ಉಗುರು ಆಡಿಸಿದಾಗ ಅಲ್ಲಿ ತಡೆದರೆ, ಆ ಬೇರಿಂಗ್ ಮುಗಿಯಿತು. ಮೇಲಿಂದ ಎಷ್ಟು ಗ್ರೀಸ್ ಹೊಡೆದರೂ ಆ ಗುಂಡಿ ತುಂಬುವುದಿಲ್ಲ. ನೀಲಿ ಬಣ್ಣ ತಿರುಗಿದ್ದರೆ ಅದು ಸುಟ್ಟ ಗುರುತು. ಅದನ್ನೂ ಎಸೆಯಬೇಕು.

ಹಾಗಾಗಿ ಮೊದಲ ಕೆಲಸ, ಕಾಯುವುದು. ದಡದಲ್ಲಿ ಅರ್ಧ ಗಂಟೆ ಟ್ರೇಲರ್ ನಿಲ್ಲಿಸಿ. ಅಷ್ಟರಲ್ಲಿ ಬೋಟಿನ ಹಗ್ಗ ಬಿಚ್ಚಿ, ಲೈಫ್ ಜಾಕೆಟ್ ಹಾಕಿಕೊಳ್ಳಿ, ಎಂಜಿನ್ ನೋಡಿಕೊಳ್ಳಿ. ಹಬ್ ಮೇಲೆ ಕೈ ಇಟ್ಟಾಗ ತಣ್ಣಗಿದ್ದರೆ ಮಾತ್ರ ಇಳಿಸಿ. ಬೇಗ ತಣಿಯಲಿ ಅಂತ ಕೊಡದಲ್ಲಿ ನೀರು ಸುರಿಯುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದೂ ಹೊಳೆಗೆ ಇಳಿಸಿದ ಹಾಗೇ. ಮಳೆಗಾಲ ಮುಗಿದು ಲಿಂಗನಮಕ್ಕಿ ತುಂಬಿರುವಾಗ ದಡ ಹತ್ತಿರ, ಚಕ್ರ ಅಷ್ಟಾಗಿ ಮುಳುಗಿಸದೆ ಬೋಟ್ ಜಾರಿಸಬಹುದು. ಏಪ್ರಿಲ್, ಮೇನಲ್ಲಿ ನೀರು ಕೆಳಗೆ ಹೋಗಿ ಕೆಸರಿನ ಇಳಿಜಾರು ಉದ್ದ ಆಗುತ್ತದೆ. ಆಗ ಆಕ್ಸೆಲ್ ಪೂರ್ತಿ ಮುಳುಗುತ್ತದೆ. ಬೇಸಿಗೆಯಲ್ಲೇ ಜಾಸ್ತಿ ಹುಷಾರಾಗಿರಿ.

ಎರಡನೆಯದು ಆಯಿಲ್ ಸೀಲ್. ಬೇರಿಂಗಿಗೆ ದುಡ್ಡು ಕೊಡುವವರು ಸೀಲ್ ಮಾತ್ರ ಹಳೆಯದನ್ನೇ ಬಡಿದು ಕೂರಿಸುತ್ತಾರೆ. ಇದು ನನಗೆ ಬಹಳ ಬೇಜಾರು ತರಿಸುವ ವಿಷಯ. ಹಬ್ ಬಿಚ್ಚಿದಾಗಲೆಲ್ಲ ಸೀಲ್ ಹೊಸದು, ನಟ್ ತಿರುಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ ಹೊಸದು. ಸಿಕ್ಕರೆ ಎರಡು ತುಟಿಯ ಸೀಲ್ ತನ್ನಿ. ಆಕ್ಸೆಲ್ ಮೇಲೆ ಸೀಲ್ ಕೂರುವ ಜಾಗದಲ್ಲಿ ಗೆರೆ ಬಿದ್ದಿದ್ದರೆ ಹೊಸ ಸೀಲೂ ನೀರು ತಡೆಯುವುದಿಲ್ಲ, ಅದನ್ನು ಲೇತಿನವರಿಗೆ ತೋರಿಸಿ. ಬೇರಿಂಗ್ ಬದಲಿಸುವಾಗ ಹಬ್ ಒಳಗೆ ಕೂತಿರುವ ಕಪ್ (ರೋಲರ್‌ಗಳು ಉರುಳುವ ಉಕ್ಕಿನ ಬಳೆ) ಕೂಡ ಬದಲಿಸಿ. ಹಳೇ ಕಪ್ಪಿನಲ್ಲಿ ಹೊಸ ರೋಲರ್ ಬಾಳುವುದಿಲ್ಲ.

ಗ್ರೀಸ್ ತುಂಬುವುದು ಕೈಯಲ್ಲೇ. ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತುತ್ತಾ ಬನ್ನಿ. ಇನ್ನೊಂದು ಬದಿಯಲ್ಲಿ ರೋಲರ್ ಸಂದಿಗಳಿಂದ ಗ್ರೀಸ್ ಎಳೆ ಎಳೆಯಾಗಿ ಹೊರಗೆ ಬರಬೇಕು. ಸುಮ್ನೆ ಮೇಲೆ ಸವರಿದರೆ ಒಳಗೆ ಹೋಗುವುದೇ ಇಲ್ಲ. ಆಮೇಲೆ ಚಕ್ರ ತಿರುಗಿಸುತ್ತಾ ನಟ್ ಬಿಗಿ ಮಾಡಿ, ರೋಲರ್‌ಗಳು ಕೂತ ಮೇಲೆ ಸಡಿಲಿಸಿ, ಮತ್ತೆ ಬರೀ ಬೆರಳಿನಲ್ಲಿ ಬಿಗಿಯಾಗುವಷ್ಟು ತನ್ನಿ. ಪಿನ್ನಿನ ತೂತಿಗೆ ಹೊಂದದಿದ್ದರೆ ಹಿಂದಕ್ಕೆ ಬಿಡಿ, ಮುಂದಕ್ಕೆ ಬಿಗಿ ಮಾಡಬೇಡಿ.

ಗ್ರೀಸ್ ಗನ್ನಿನಿಂದ ತಿಂಗಳಿಗೊಮ್ಮೆ ಹೊಡೆಸುತ್ತೇವೆ ಅಂದಿರಿ. ಜೋರಾಗಿ ತುಂಬಿದರೆ ಹಿಂದಿನ ಸೀಲೇ ಹೊರಗೆ ಬಂದುಬಿಡುತ್ತದೆ. ನಿಮ್ಮ ಚಕ್ರದ ಒಳಮೈಯಲ್ಲಿ ಗ್ರೀಸ್ ಎರಚಿದ ಕಲೆ ಇದೆಯಾ ನೋಡಿ. ಇದ್ದರೆ ಅದೇ ಆಗಿದೆ.

ಪ್ರಶ್ನೆ: ಬೋಟನ್ನು ವರ್ಷಕ್ಕೆ ಒಂದೆರಡು ಸಲ ಹೊನ್ನಾವರಕ್ಕೂ ಒಯ್ಯುತ್ತೇವೆ. ಅದೂ ಶರಾವತಿಯೇ ತಾನೇ, ಬೇರೆ ಜಾಗ್ರತೆ ಬೇಕಾ?

ಉತ್ತರ: ಬೇಕೇ ಬೇಕು. ನದಿ ಒಂದೇ, ನೀರು ಬೇರೆ. ಇಲ್ಲಿ ಸಿಹಿನೀರು, ಅಲ್ಲಿ ಅಳಿವೆಯ ಉಪ್ಪುನೀರು. ಉಪ್ಪಿಗೆ ತುಕ್ಕು ಬಹಳ ಬೇಗ ಹಿಡಿಯುತ್ತದೆ. ಹಲವು ವರ್ಷದ ಹಿಂದೆ ನಾನೇ ಒಂದು ಬೋಟನ್ನು ಅಲ್ಲಿಂದ ತರುತ್ತಿದ್ದೆ. ಅಳಿವೆಯಲ್ಲಿ ಮುಳುಗಿದ ಟ್ರೇಲರ್ ಮೂರು ವಾರ ಹಾಗೇ ನಿಂತಿತ್ತು, ಬಿಚ್ಚಿ ನೋಡಿರಲಿಲ್ಲ. ಗೇರುಸೊಪ್ಪ ಘಾಟಿ ಹತ್ತುವಾಗ ಕನ್ನಡಿಯಲ್ಲಿ ಹೊಗೆ ಕಂಡಿತು. ಇಳಿದು ನೋಡಿದರೆ ಬೇರಿಂಗ್ ಪುಡಿಯಾಗಿ ಹಬ್ ಆಕ್ಸೆಲಿಗೆ ಕಚ್ಚಿಕೊಂಡಿತ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಕಂದಕ. ಚಕ್ರ ಕಳಚಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಹೊನ್ನಾವರದಿಂದ ಬಂದ ಮರುದಿನವೇ ಚಕ್ರ, ಹಬ್, ಸ್ಪ್ರಿಂಗ್ ಎಲ್ಲ ಸಿಹಿನೀರಲ್ಲಿ ತೊಳೆಯಿರಿ. ಅದೇ ವಾರ ಹಬ್ ಬಿಚ್ಚಿ ನೋಡಿ. ಹೊರಡುವಾಗ ಗ್ರೀಸ್ ತುಂಬಿದ ಒಂದು ಜೊತೆ ಬೇರಿಂಗ್, ಸೀಲ್, ಪಿನ್, ಜಾಕ್ ಜೀಪಿನಲ್ಲಿರಲಿ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಎರಡೂ ಹಬ್ ಮುಟ್ಟಿ ನೋಡಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಇದ್ದರೆ ಮುಂದೆ ಹೋಗಬೇಡಿ.

ಪ್ರಶ್ನೆ: ವರ್ಷಕ್ಕೊಮ್ಮೆ ಸರ್ವೀಸ್ ಯಾವಾಗ ಮಾಡಿಸಬೇಕು?

ಉತ್ತರ: ಮೇ ಕೊನೆಗೆ, ಮಳೆ ಹಿಡಿಯುವ ಮೊದಲು. ಎಲ್ಲರೂ ದಸರಾ ಹೊತ್ತಿಗೆ ಬರುತ್ತಾರೆ. ಅಷ್ಟರಲ್ಲಿ ಒಳಗಿನ ನೀರು ನಾಲ್ಕು ತಿಂಗಳು ಕೆಲಸ ಮಾಡಿ ಮುಗಿಸಿರುತ್ತದೆ. ಹೊಸ ಗ್ರೀಸ್ ತುಂಬಿ, ಆಕ್ಸೆಲಿಗೆ ದಿಮ್ಮಿ ಕೊಟ್ಟು ಚಕ್ರ ಎತ್ತಿ ನಿಲ್ಲಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೈಯಲ್ಲಿ ತಿರುಗಿಸಿ. ಆಗಲೇ ಕಿವಿ ಕೊಟ್ಟು ಕೇಳಿ. ಕರಕರ ಸದ್ದು ಬಂದರೆ ಮತ್ತೆ ಬಿಚ್ಚಿ.