ಯಾದಿ ಬರೆದಾಕೆಗೆ ಬಂದ ಮಾತು

ಬಾಗಲಕೋಟೆ ಜಿಲ್ಲೆಯ ನದಿ ದಂಡೆಯ ಊರುಗಳಲ್ಲಿ ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟವರಿದ್ದಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ ಉಕ್ಕಿ ಬಂದಾಗ ಗೋಡೆ ಕುಸಿದವರೂ ಇದ್ದಾರೆ. ಯಾದಿಯಲ್ಲಿ, ಅಂದರೆ ಫಲಾನುಭವಿಗಳ ಪಟ್ಟಿಯಲ್ಲಿ, ಹೆಸರು ಬಂದರೆ ಪರಿಹಾರ, ತಪ್ಪಿದರೆ ವರ್ಷಗಟ್ಟಲೆ ಅಲೆದಾಟ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಹಾಗಾಗಿ ಸೇವಾ ಸಂಸ್ಥೆಯೊಂದರ ಮೇಲೆ ಬಹಿರಂಗ ಟೀಕೆ ಬಂದಾಗ ಜನ ಮೊದಲು ಹುಡುಕುವುದು ಯಾದಿ ಬರೆದವರನ್ನು. ಮುಖ್ಯಸ್ಥರಿಗೆ ವಕೀಲರಿರುತ್ತಾರೆ. ಕ್ಷೇತ್ರ ಕಾರ್ಯಕರ್ತೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಸಿಗುತ್ತಾಳೆ. ಇಂಥ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದನ್ನು, ಆಕೆಯ ಒಪ್ಪಿಗೆ ಪಡೆದು, ಗುರುತಿನ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮಹಿಳಾ ಸಂಘಗಳ ಜೊತೆ ಕೆಲಸ ಮಾಡುವಾಕೆ, ಎರಡು ಮಕ್ಕಳ ತಾಯಿ. ಸಂಸ್ಥೆ ಮಳೆಗಾಲದಲ್ಲಿ ತಾಡಪತ್ರಿ, ತಗಡು, ರೇಷನ್ ಕಿಟ್ ಹಂಚಿತ್ತು. ಕೆಲವು ತಿಂಗಳ ಮೇಲೆ, ‘ಬಂದ ರೊಕ್ಕದಾಗ ಅರ್ಧ ಪಗಾರಕ್ಕ ಹೋಗೇತಿ, ಬೇಕಾದವರ ಹೆಸರಷ್ಟ ಬರಕೊಂಡಾರ’ ಎಂಬ ವಿಡಿಯೋ ಊರೂರಿಗೆ ಹರಿದಾಡಿತು. ಕಚೇರಿಯಿಂದ ಬಂದದ್ದು ಒಂದೇ ಸೂಚನೆ: ಯಾರೂ ಏನೂ ಮಾತಾಡಬ್ಯಾಡ್ರಿ. ಊರಿನಲ್ಲಿ ಸುಮ್ಮನಿದ್ದವರನ್ನು ಒಪ್ಪಿಕೊಂಡವರೆಂದೇ ಎಣಿಸುತ್ತಾರೆ. ಆಕೆ ಒಂದು ಸ್ಟಾಪ್ ಮೊದಲೇ ಇಳಿದು ಹೊಲದ ದಾರಿ ಹಿಡಿಯತೊಡಗಿದಳು. ಸಂಘದ ಸಭೆಗೆ ನೆವ ಹೇಳಿ ತಪ್ಪಿಸಿಕೊಂಡಳು. ರಾತ್ರಿ ಎರಡು ಗಂಟೆಗೆ ಎದ್ದು ಫೋನು ನೋಡುವುದು, ಬೆಳಿಗ್ಗೆ ಹೊಟ್ಟೆ ಉರಿ, ಮಕ್ಕಳ ಮೇಲೆ ರೇಗಾಟ. ‘ಮಂದಿಗೆ ಮಾರಿ ಹೆಂಗ ತೋರಿಸೂದು’ ಎಂದು ಅತ್ತೆ ಕೇಳುತ್ತಿದ್ದರು. ನಾನು ಆಪ್ತಸಲಹೆಗಾರ್ತಿ; ಆಕೆ ನನ್ನಲ್ಲಿಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು.

ಮೊದಲ ಎರಡು ಭೇಟಿ ನಿದ್ದೆ, ಊಟ, ಫೋನಿನ ಮಾತಿನಲ್ಲೇ ಹೋದವು. ಮೂರನೆಯ ಭೇಟಿಯಲ್ಲಿ, ಆ ವಿಡಿಯೋದಲ್ಲಿ ಯಾವ ಮಾತು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ ಎಂದು ಕೇಳಿದೆ. ಕಳ್ಳರು ಎಂಬ ಬೈಗುಳ ಇರಬಹುದು ಎಂದುಕೊಂಡಿದ್ದೆ. ಆಕೆ ಸೆರಗು ಬಿಗಿಮಾಡಿಕೊಂಡು ಹೇಳಿದ್ದು ಇದು:

“ಬೈದದ್ದಕ್ಕ ಅಲ್ರಿ ಮೇಡಂ. ನಾ ಕಳ್ಳಿ ಅಲ್ಲ ಅನ್ನೂದು ನನಗ ಗೊತ್ತೈತಿ. ಅವ್ರು ಹೇಳೂದು ಖರೇ ಇದ್ರ ಏನ್ ಮಾಡ್ಲಿ? ಮನಿ ಮನಿ ತಿರುಗಿ 140 ಮಂದಿ ಹೆಸರ ನಾ ಬರದ ಕೊಟ್ಟೀನಿ. ಆಪೀಸಿನ್ಯಾಗ ಆ ಯಾದಿ ಏನಾತು, ನನಗ ಗೊತ್ತಿಲ್ರಿ. ಹೆಬ್ಬೆಟ್ಟು ಒತ್ತಿಸಿಕೊಂಡಾಕಿ ಮಾತ್ರ ನಾನ.”

ಮುಂದಿನ ಎಲ್ಲ ಸಲಹೆ ಹುಟ್ಟಿದ್ದು ಈ ಮಾತಿನಿಂದ. ‘ಜನ ಆಡಿಕೊಳ್ಳುತ್ತಾರೆ, ತಲೆ ಕೆಡಿಸಿಕೊಳ್ಳಬೇಡ’ ಎಂದು ಮನೆಯವರು, ಸಹೋದ್ಯೋಗಿಗಳು ಎಲ್ಲರೂ ಹೇಳಿಯಾಗಿತ್ತು. ಆ ಮಾತು ಆಕೆಗೆ ತಾಗಲಿಲ್ಲ, ಯಾಕೆಂದರೆ ಆಕೆಯನ್ನು ತಿನ್ನುತ್ತಿದ್ದದ್ದು ಅನುಮಾನ. ತಾನು ನಂಬಿಸಿ ಹೆಬ್ಬೆಟ್ಟು ಹಾಕಿಸಿದ ಜನರ ಮುಂದೆ, ತನಗೇ ತಿಳಿಯದ ಲೆಕ್ಕಕ್ಕೆ ಹೊಣೆಗಾರಳಾಗಿ ನಿಲ್ಲಬೇಕಾಗಿತ್ತು. ಈ ಅನುಮಾನವನ್ನು ರೋಗವೆಂದು ನಾನು ಎಣಿಸುವುದಿಲ್ಲ. ಅದು ಆಕೆಯ ಪ್ರಾಮಾಣಿಕತೆ.

ಒಂದು ನೋಟ್‌ಬುಕ್ಕಿನ ಹಾಳೆಗೆ ಎರಡು ಗೆರೆ ಎಳೆಸಿದೆ. ಎಡಕ್ಕೆ, ನನ್ನ ಕೈಯಾರೆ ಮಾಡಿದ್ದು: ಯಾವ ದಿನ ಯಾವ ಓಣಿ, ಎಷ್ಟು ಮನೆ, ಟೋಕನ್ ಕೊಟ್ಟದ್ದು, ಸಹಿ ಪಡೆದದ್ದು. ನಡುವೆ, ಬೇರೆಯವರು ಮಾಡಿದ್ದನ್ನು ಕಣ್ಣಾರೆ ಕಂಡದ್ದು. ಬಲಕ್ಕೆ, ನನಗೆ ಗೊತ್ತಿಲ್ಲದ್ದು. ನೆನಪಿನಿಂದ ಬರೆಯದೆ ತನ್ನ ಡೈರಿ ನೋಡಿಯೇ ಬರೆಯಲು ಹೇಳಿದೆ. ಭಯದಲ್ಲಿರುವವರು ನೆನಪಿನಿಂದ ಬರೆದರೆ ಮಾಡದ ತಪ್ಪನ್ನೂ ಎಡಗಡೆಗೆ ಹಾಕಿಕೊಳ್ಳುತ್ತಾರೆ. ಆಕೆಯ ಬಲಗಡೆಯ ಸಾಲೇ ಎಲ್ಲಕ್ಕಿಂತ ಉದ್ದವಾಗಿತ್ತು. ಅಷ್ಟೂ ದಿನ ಅದನ್ನು ತನ್ನ ತಪ್ಪೆಂಬಂತೆ ಹೊತ್ತಿದ್ದಳು.

ಬಲಗಡೆಯದ್ದರಲ್ಲಿ ಕಾಗದ ನೋಡಿ ಉತ್ತರಿಸಬಹುದಾದ ಐದನ್ನು ಮಾತ್ರ ಆರಿಸಿ, ಸಂಯೋಜಕರಿಗೆ ಪತ್ರ ಬರೆಯಲು ಹೇಳಿದೆ. ‘ನಮ್ಮವರು ತಿಂದಿದ್ದು ನಿಜವೇ’ ಎಂದು ಕೇಳಿದರೆ ಜಗಳವಾಗುತ್ತದೆ. ‘ನಾನು ಕೊಟ್ಟ ಯಾದಿಯಲ್ಲಿ ಎಷ್ಟು ಹೆಸರು ಬಿಟ್ಟಿರಿ, ಕಾರಣವೇನು, ಬಿಟ್ಟವರಿಗೆ ಹೇಳುವವರು ಯಾರು’ ಎಂದು ಕೇಳಿದರೆ ಉತ್ತರ ಬರುತ್ತದೆ, ಬರದಿದ್ದರೆ ಅದೂ ಒಂದು ಮಾಹಿತಿ. ಪತ್ರಕ್ಕೆ ದಿನಾಂಕ, ಪ್ರತಿಯ ಮೇಲೆ ಸ್ವೀಕೃತಿ ಸಹಿ ಇರಲಿ. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕುವುದು ಬೇಡ. ಕಚೇರಿಯ ಕಡತದ ಫೋಟೋ ತೆಗೆದು ಹೊರಗೆ ಕೊಡುವುದೂ ಬೇಡ.

ಊರಿನವರಿಗೆ ಹೇಳಲು ಎರಡು ಮಾತು ಗಟ್ಟಿ ಮಾಡಿಸಿದೆ: “ಯಾದಿ ನಾ ಬರದೀನಿ, ನಾ ಬರದದ್ದು ತೋರಿಸ್ತೀನಿ. ರೊಕ್ಕದ ಲೆಕ್ಕ ನನ್ನ ಕಡೆ ಇಲ್ಲ, ಆಪೀಸಿಗೆ ಬರದ ಕೇಳೀನಿ.” ಬಾಯಿಗೆ ಸಲೀಸಾಗುವವರೆಗೆ ಕೂತಲ್ಲೇ ಹೇಳಿಸಿದೆ. ಕೆಡುವುದು ಮೂರನೆಯ ಮಾತಿನಲ್ಲಿ. ‘ಆದರ ನಮ್ಮ ಸರ್ ಅಂಥವ್ರಲ್ಲ’ ಎಂದು ಸೇರಿಸಿದ ಕೂಡಲೇ ತನಗೆ ಗೊತ್ತಿಲ್ಲದ್ದಕ್ಕೆ ಜಾಮೀನು ನಿಂತಂತಾಗುತ್ತದೆ. ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಹೇಳದೆ ಸಂಘದ ಸಭೆಯಲ್ಲಿ, ಜೊತೆಗೊಬ್ಬ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿ ಹೇಳಲು ತಿಳಿಸಿದೆ. ವಿಡಿಯೋ, ಕಮೆಂಟು ನೋಡುವ ಕೆಲಸವನ್ನು ಆ ಸಹೋದ್ಯೋಗಿಗೇ ವಹಿಸಿದೆವು. ಆಕೆಯ ಹೆಸರು, ಫೋಟೋ, ಬೆದರಿಕೆ ಬಂದರೆ ಮಾತ್ರ ತಿಳಿಸುವುದು, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟು ಪೊಲೀಸ್ ಠಾಣೆಗೆ ಕೊಡುವುದು ಎಂದಾಯಿತು. ಟೀಕೆಗೆ ದೂರು ಕೊಡುವುದಲ್ಲ, ಬೆದರಿಕೆಗೆ.

ಪಗಾರದ ಮಾತೂ ಆಕೆಯನ್ನು ಕೊರೆಯುತ್ತಿತ್ತು. ಮಕ್ಕಳ ಫೀ ಕಟ್ಟಿದ ದುಡ್ಡೇ ಯಾರದೋ ತಗಡಿನದು ಅನ್ನಿಸಿತ್ತು. ಇಲ್ಲಿ ಸಮಾಧಾನಕ್ಕಿಂತ ಕಾನೂನು ಹೇಳುವುದು ಒಳ್ಳೆಯದು. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಗೆ ಮೊದಲು ಮಿತಿ ಶೇ 50 ಇತ್ತು. ಆದರೆ ಆಸ್ಪತ್ರೆಯ ವೈದ್ಯರು, ಶಾಲೆಯ ಶಿಕ್ಷಕರಂತೆ ಸಂಸ್ಥೆಯ ಉದ್ದೇಶದ ಕೆಲಸವನ್ನೇ ನೇರವಾಗಿ ಮಾಡುವವರ ಸಂಬಳವನ್ನು ಆಡಳಿತ ವೆಚ್ಚಕ್ಕೆ ಸೇರಿಸುವುದಿಲ್ಲ. ಯಾದಿ ಬರೆಯಲು ಮನೆಮನೆ ತಿರುಗುವವರಿಲ್ಲದೆ ತಗಡು ತಾನಾಗಿ ಮನೆ ಸೇರುವುದಿಲ್ಲ. ಅಂಥ ದೇಣಿಗೆ ಪಡೆಯುವ ಸಂಸ್ಥೆ ಹಣಕಾಸು ವರ್ಷ ಮುಗಿದ 9 ತಿಂಗಳೊಳಗೆ ಪರಿಶೋಧಿತ ಲೆಕ್ಕ ಪ್ರಕಟಿಸಲೇಬೇಕು. ಹಾಗಾಗಿ ಆ ಲೆಕ್ಕ ಕೇಳುವುದರಲ್ಲಿ ದ್ರೋಹವೇನೂ ಇಲ್ಲ.

ಹೀಗೆ ಹೇಳಿದ್ದಕ್ಕೆ ಸಂಸ್ಥೆಯ ಕಡೆಯವರು ನನ್ನ ಮೇಲೆ ಸಿಟ್ಟಾದರು. ನೌಕರರನ್ನು ಎತ್ತಿಕಟ್ಟುತ್ತೀರಿ ಎಂದರು. ಆರೋಪ ನಿಜವೋ ಸುಳ್ಳೋ ನಿರ್ಧರಿಸುವುದು ಆಪ್ತಸಲಹೆಗಾರರ ಕೆಲಸವಲ್ಲ, ನಾನು ನಿರ್ಧರಿಸಿಯೂ ಇಲ್ಲ. ಜನರ ಹೆಸರಿನಲ್ಲಿ ದುಡ್ಡು ತಂದವರನ್ನು ಜನ ಪ್ರಶ್ನಿಸಬೇಕು. ಆ ಪ್ರಶ್ನೆಗೆ ಉತ್ತರವಿಲ್ಲದೆ ಕೆಳಗಿನವರನ್ನು ಊರೊಳಗೆ ಕಳಿಸುವುದೇ ಅವರ ಆರೋಗ್ಯ ಕೆಡಿಸುವುದು. ಸಂಸ್ಥೆ ನಡೆಸುವವರಿಗೆ ನನ್ನ ಮಾತು ಇಷ್ಟು: ಪತ್ರಿಕೆಗೆ ಹೇಳಿಕೆ ಕೊಡುವ ಮುಂಚೆ ಕ್ಷೇತ್ರದವರನ್ನು ಒಂದು ತಾಸು ಕೂರಿಸಿ, ಯಾವುದನ್ನು ಒಪ್ಪಿದ್ದೇವೆ, ಯಾವುದನ್ನು ಇಲ್ಲ, ಯಾವುದು ಇನ್ನೂ ತಪಾಸಣೆಯಲ್ಲಿದೆ ಎಂದು ಹೇಳಿ. ಊರಿನವರ ಕರೆ ಸ್ವೀಕರಿಸಲು ಕಚೇರಿಯ ಒಬ್ಬರ ನಂಬರು ಕೊಡಿ. ಕೆಲವು ವಾರ ಆ ಊರುಗಳಿಗೆ ಇಬ್ಬಿಬ್ಬರನ್ನೇ ಕಳಿಸಿ, ಅದಕ್ಕಾಗಿ ಪ್ರಯಾಣ ಭತ್ಯೆ ಕಡಿಯಬೇಡಿ. ಎರಡು ವಾರಕ್ಕೂ ನಿದ್ದೆ, ಹಸಿವು ಮರಳದವರನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಬದುಕುವುದೇ ಬೇಡ ಎಂಬ ಮಾತು ಬಂದರೆ ಎರಡು ವಾರ ಕಾಯದೆ ಅವತ್ತೇ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಆಕೆಯ ಐದು ಪ್ರಶ್ನೆಗಳಲ್ಲಿ ಮೂರಕ್ಕೆ ಲಿಖಿತ ಉತ್ತರ ಬಂತು. ಕೆಲವು ಹೆಸರು ಬಿಟ್ಟದ್ದು ಒಂದೇ ರೇಷನ್ ಕಾರ್ಡಿನ ಎರಡು ಮನೆ ಎಂಬ ಕಾರಣಕ್ಕೆ. ಅದನ್ನು ಆ ಮನೆಗಳಿಗೇ ಹೋಗಿ ಓದಿ ಹೇಳಿದಳು. ಇಬ್ಬರು ಬೈದರು, ಉಳಿದವರು ಚಹಾ ಕೊಟ್ಟರು. ರೊಕ್ಕದ ಎರಡು ಪ್ರಶ್ನೆ ಹಾಗೇ ಇವೆ. ಮಾರ್ಚ್‌ಗೆ ಆಕೆಯ ಒಪ್ಪಂದ ಮುಗಿಯುತ್ತದೆ. ಅಷ್ಟರೊಳಗೆ ಉತ್ತರ ಬರದಿದ್ದರೆ ಮುಂದಿನ ವರ್ಷಕ್ಕೆ ಸಹಿ ಹಾಕುವುದಿಲ್ಲ ಎಂದು ಆಕೆಯೇ ಕಚೇರಿಗೆ ತಿಳಿಸಿದ್ದಾಳೆ.